ಮೂರನೆಯ ಸಾಲಿನಲ್ಲಿ ಕೂತವರು

ಅಳಿಸುವುದು ಸುಲಭ, ನಗಿಸುವುದು ಕಷ್ಟ ಎಂದು ನಾಟಕದವರು ಹೇಳುತ್ತಾರೆ. ನಮ್ಮಂಥ ಸಣ್ಣ ಊರುಗಳಲ್ಲಿ ಈ ಮಾತು ಪೂರ್ತಿ ನಿಜವಲ್ಲ. ಇಲ್ಲಿ ನಗಿಸುವುದು ತೀರಾ ಸುಲಭ. ಎಲ್ಲರಿಗೂ ಗೊತ್ತಿರುವ ಒಬ್ಬರ ನಡಿಗೆಯನ್ನು ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿದರೆ ಸಾಕು, ಸಭಾಂಗಣ ಬಿದ್ದು ಬಿದ್ದು ನಗುತ್ತದೆ. ಮಾತು ಕೂಡ ಬೇಕಾಗುವುದಿಲ್ಲ. ಕಷ್ಟವಿರುವುದು ಮರುದಿನ ಬೆಳಿಗ್ಗೆ, ಆ ನಡಿಗೆಯವರು ಹಾಲಿನ ಅಂಗಡಿಯ ಮುಂದೆ ನಮಗೆ ಎದುರಾಗುವಾಗ.

ನಾನು ಹೇಳಹೊರಟಿರುವುದು ಚರ್ಚುಗಳಲ್ಲಿ ಸಭೆಯವರೇ ಸೇರಿ ಆಡುವ ಪುಟ್ಟ ಪ್ರಹಸನಗಳ ವಿಷಯ. ಕ್ರಿಸ್ಮಸ್ ಕಾರ್ಯಕ್ರಮ, ಬೆಳೆ ಹಬ್ಬದ ಸಂಜೆ, ಸ್ತ್ರೀಯರ ಸಂಘದ ವಾರ್ಷಿಕೋತ್ಸವ, ಇವುಗಳಲ್ಲಿ ಹಾಡು, ಭಾಷಣ, ಬಹುಮಾನಗಳ ನಡುವೆ ಹತ್ತು ನಿಮಿಷದ ಒಂದು ತಮಾಷೆಯ ನಾಟಕ ಇರಲೇಬೇಕು. ಇಲ್ಲದಿದ್ದರೆ ಮಕ್ಕಳು ಎದ್ದು ಓಡಾಡುತ್ತವೆ, ದೊಡ್ಡವರು ಗಡಿಯಾರ ನೋಡುತ್ತಾರೆ. ಬರೆಯುವವರು ಒಬ್ಬ ಟೀಚರೋ, ಬ್ಯಾಂಕಿನ ಗುಮಾಸ್ತರೋ, ಮಧ್ಯಾಹ್ನದ ಕೆಲಸ ಮುಗಿಸಿ ಕೂತ ಗೃಹಿಣಿಯೋ ಆಗಿರುತ್ತಾರೆ. ಪರದೆ ಎಂದರೆ ಎರಡು ಬೆಡ್‌ಶೀಟು. ಮೀಸೆ ಎಂದರೆ ಕಾಡಿಗೆ. ಚರ್ಚಿನ ಪರಿಚಯ ಇಲ್ಲದವರು ತಮ್ಮ ಬಡಾವಣೆಯ ಗಣೇಶೋತ್ಸವವನ್ನೋ ಮಹಿಳಾ ಸಮಾಜದ ಸಂಕ್ರಾಂತಿಯ ಕೂಟವನ್ನೋ ನೆನೆಸಿಕೊಂಡರೆ ಸಾಕು. ಆಡುವವರಿಗೂ ನೋಡುವವರಿಗೂ ನಡುವೆ ಟಿಕೆಟ್ಟಿನ ಗೋಡೆ ಇಲ್ಲದ ನಾಟಕ ಅದು. ಎಲ್ಲರೂ ಎಲ್ಲರಿಗೂ ಗೊತ್ತು.

ಇಂಥ ಪ್ರಹಸನಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಪಾತ್ರಗಳಿವೆ. ಕಾಣಿಕೆಯ ಚೀಲ ತನ್ನ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಮುಳುಗುವ ಶ್ರೀಮಂತ. ಅರ್ಧ ಗಂಟೆ ತಡವಾಗಿ ಬಂದು ಹೊಸ ಸೀರೆ ಸರಿಪಡಿಸಿಕೊಳ್ಳುತ್ತಾ ಮೊದಲನೆಯ ಸಾಲಿಗೇ ನಡೆಯುವ ಹೆಂಗಸು. ‘ಕೊನೆಯದಾಗಿ’ ಎಂದು ಐದು ಸಲ ಹೇಳಿ ಪ್ರಸಂಗ ಮುಂದುವರಿಸುವ ಪಾದ್ರಿ. ಪಕ್ಕದ ಮನೆಯ ಗುಟ್ಟನ್ನೆಲ್ಲ ‘ನೀವು ಪ್ರಾರ್ಥನೆ ಮಾಡಲಿ ಅಂತ ಹೇಳ್ತಾ ಇದ್ದೇನೆ’ ಎನ್ನುತ್ತಾ ಬಿಚ್ಚುವಾಕೆ. ಇದು ಒಂದು ಪಟ್ಟಿ. ಇನ್ನೊಂದು ಪಟ್ಟಿಯೂ ಇದೆ. ತೊದಲುವ ಕಾವಲುಗಾರ, ಕಿವುಡು ಅಜ್ಜ, ಮದುವೆಯಾಗದೆ ವಯಸ್ಸು ಮೀರಿದ ಮಗಳು, ಬಾಗಿಲಲ್ಲಿ ಹಿಡಿಸದಷ್ಟು ದಪ್ಪಗಿರುವ ಅತ್ತೆ, ಬೇರೆ ಸೀಮೆಯ ಕನ್ನಡ ಆಡುವ ಮನೆಗೆಲಸದವಳು. ಎರಡು ಪಟ್ಟಿಯ ಪಾತ್ರಗಳಿಗೂ ಜನ ನಗುತ್ತಾರೆ. ಚಪ್ಪಾಳೆಯ ಸದ್ದು ಕೇಳಿ ವ್ಯತ್ಯಾಸ ಹೇಳಲಾಗುವುದಿಲ್ಲ. ಆದರೂ ವ್ಯತ್ಯಾಸವಿದೆ ಎಂದು ನಮಗೆಲ್ಲ ಒಳಗೊಳಗೇ ಗೊತ್ತು. ಅದು ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ಒಂದು ಸಂಗತಿ ಹೇಳುತ್ತೇನೆ. ನಮ್ಮ ಸಭೆಯಲ್ಲಿ ಹಿರಿಯ ಹೆಂಗಸೊಬ್ಬರು ಹಾಡುವಾಗ ಎಲ್ಲರಿಗಿಂತ ಒಂದು ಮಾತ್ರೆ ಮುಂದೆ, ಒಂದು ಸ್ವರ ಮೇಲೆ ಇರುತ್ತಿದ್ದರು. ಭಕ್ತಿ ಹೆಚ್ಚು, ಶ್ರುತಿ ಕಡಿಮೆ. ಒಂದು ಕ್ರಿಸ್ಮಸ್ಸಿಗೆ ಯುವಕರ ಪ್ರಹಸನದಲ್ಲಿ ಹಾಗೆ ಹಾಡುವ ಒಂದು ಪಾತ್ರ ಬಂತು. ಹುಡುಗ ಚೆನ್ನಾಗಿಯೇ ಮಾಡಿದ. ಆಕೆ ಮೂರನೆಯ ಸಾಲಿನಲ್ಲಿ ಕೂತಿದ್ದರು, ಎಲ್ಲರಿಗಿಂತ ಜೋರಾಗಿ ನಕ್ಕರು. ‘ನೋಡಿ, ಅವರೇ ನಕ್ಕರು’ ಎಂದು ನಾಟಕ ಮುಗಿದ ಮೇಲೆ ಎಲ್ಲರೂ ಸಮಾಧಾನಪಟ್ಟರು. ಮುಂದಿನ ಭಾನುವಾರ ಆಕೆ ಎಂದಿನಂತೆ ಬಂದರು, ಗೀತೆಗಳ ಪುಸ್ತಕ ತೆರೆದು ಹಿಡಿದರು. ತುಟಿ ಮಾತ್ರ ಅಲುಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳುವುದಾದರೂ ಏನೆಂದು?

ಹಾಗಾಗಿ ‘ಅವರೇ ನಕ್ಕರಲ್ಲ’ ಎಂಬ ಸಮರ್ಥನೆಯನ್ನು ನಾನು ನಂಬುವುದಿಲ್ಲ. ನಾಲ್ಕು ಜನರ ನಡುವೆ ತನ್ನನ್ನೇ ತಮಾಷೆ ಮಾಡಿದಾಗ ನಗದೆ ಇರುವ ಸ್ವಾತಂತ್ರ್ಯ ಯಾರಿಗಿದೆ? ನಗದಿದ್ದರೆ ‘ಹಾಸ್ಯಪ್ರಜ್ಞೆ ಇಲ್ಲದವರು’ ಎಂಬ ಎರಡನೆಯ ಹೆಸರು ಬರುತ್ತದೆ. ಹೆಂಗಸರಿಗಂತೂ ಇದು ಹೊಸತಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು ತವರಿನ ಅಡಿಗೆಯನ್ನೋ ಮಾತಿನ ರಾಗವನ್ನೋ ಹಾಸ್ಯ ಮಾಡಿದಾಗ ತಾನೂ ನಕ್ಕು ಅಡಿಗೆಮನೆಗೆ ಹೋದ ಹುಡುಗಿಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆ ನಗು ಒಪ್ಪಿಗೆಯಲ್ಲ, ಉಪಾಯ.

ಫ್ರಾನ್ಸಿನ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ ನಗುವಿನ ಬಗ್ಗೆಯೇ ಒಂದು ಸಣ್ಣ ಪುಸ್ತಕ ಬರೆದ. 1900ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಅವನು ಹೇಳುವ ಒಂದು ವಿಚಾರ ಇಲ್ಲಿಗೆ ಹೊಂದುತ್ತದೆ. ಜೀವಂತ ಮನುಷ್ಯ ಯಂತ್ರದಂತೆ ವರ್ತಿಸಿದಾಗ, ಸಂದರ್ಭ ಬದಲಾದರೂ ತನ್ನ ಚಾಳಿಯನ್ನೇ ಮುಂದುವರಿಸಿದಾಗ ನಗು ಹುಟ್ಟುತ್ತದೆ. ‘ಕೊನೆಯದಾಗಿ’ ಎನ್ನುತ್ತಲೇ ಇರುವ ಪಾದ್ರಿಯ ಪಾತ್ರ ಗೆಲ್ಲುವುದು ಈ ಕಾರಣದಿಂದಲೇ. ಆದರೆ ಅದೇ ಪುಸ್ತಕದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳುತ್ತಾನೆ: ನಗಬೇಕಾದರೆ ಹೃದಯ ಆ ಗಳಿಗೆಯ ಮಟ್ಟಿಗೆ ಮರಗಟ್ಟಿರಬೇಕು, ಕನಿಕರ ಬಂದರೆ ನಗು ಹೋಯಿತು. ಪ್ಯಾರಿಸ್ಸಿನ ನಾಟಕಶಾಲೆಯಲ್ಲಿ ಇದು ನಿಜವಿರಬಹುದು. ಅಲ್ಲಿ ನಕ್ಕವನು ಬಾಡಿಗೆ ಗಾಡಿ ಹತ್ತಿ ಮನೆಗೆ ಹೋಗುತ್ತಾನೆ. ಇನ್ನೂರು ಜನರ ಒಂದು ಸಭೆಯಲ್ಲಿ ನಾವು ಯಾರನ್ನು ನೋಡಿ ನಕ್ಕೆವೋ ಅವರ ಪಕ್ಕದಲ್ಲೇ ಮುಂದಿನ ವಾರ ಮೊಣಕಾಲೂರಿ ಒಂದೇ ರೊಟ್ಟಿಯ ತುಣುಕನ್ನು ಸ್ವೀಕರಿಸಬೇಕು. ಹೃದಯವನ್ನು ಹತ್ತು ನಿಮಿಷ ಮರಗಟ್ಟಿಸಿ ಮತ್ತೆ ಕರಗಿಸಿಕೊಳ್ಳುವುದು ಅಷ್ಟು ಸಲೀಸೇ?

ಈ ಇಕ್ಕಟ್ಟು ನಮ್ಮದು ಮಾತ್ರವಲ್ಲ. ಹವ್ಯಾಸಿಗಳು ದೇವರ ಕಥೆಯೊಳಗೆ ಹಾಸ್ಯವನ್ನು ತಂದ ಮೇಲೆ ಎಲ್ಲ ಕಡೆಯೂ ಇದು ಎದುರಾಗಿದೆ. ಇಂಗ್ಲೆಂಡಿನ ಯಾರ್ಕ್, ಚೆಸ್ಟರ್, ವೇಕ್‌ಫೀಲ್ಡ್ ಪಟ್ಟಣಗಳ ಹಳೆಯ ಬೈಬಲ್ ನಾಟಕಗಳು ಇದಕ್ಕೆ ಒಳ್ಳೆಯ ನಿದರ್ಶನ. ಹದಿನಾಲ್ಕನೆಯ ಶತಮಾನದ ಕೊನೆಯಿಂದ ಹದಿನಾರನೆಯ ಶತಮಾನದವರೆಗೆ ಅಲ್ಲಿನ ಕಸುಬುದಾರರೇ ಸೃಷ್ಟಿಯಿಂದ ಅಂತ್ಯದಿನದವರೆಗಿನ ಕಥೆಯನ್ನು ತುಂಡುತುಂಡಾಗಿ ಹಂಚಿಕೊಂಡು ಆಡುತ್ತಿದ್ದರು. ಯಾರ್ಕಿನಲ್ಲಿ ನೋಹನ ನಾವೆ ಕಟ್ಟುವ ದೃಶ್ಯ ಹಡಗು ಕಟ್ಟುವವರದ್ದು, ಜಲಪ್ರಳಯ ಮೀನುಗಾರರು ಮತ್ತು ನಾವಿಕರದ್ದು. ವೃತ್ತಿಪರ ನಟರಲ್ಲ, ನಮ್ಮಂಥವರೇ. ಧಾರ್ಮಿಕ ಬದಲಾವಣೆಯ ಕಾಲದಲ್ಲಿ ಈ ನಾಟಕಗಳು ನಿಂತುಹೋದವು. ಯಾರ್ಕಿನ ಕೊನೆಯ ಪ್ರದರ್ಶನ ನಡೆದದ್ದು 1569ರಲ್ಲಿ, ಮತ್ತೆ ಅವಕ್ಕೆ ಜೀವ ಬಂದದ್ದು 1951ರಲ್ಲಿ.

ಈ ನಾಟಕಗಳಲ್ಲಿ ಜನರನ್ನು ತುಂಬಾ ನಗಿಸಿದ ಪಾತ್ರಗಳಲ್ಲಿ ಒಂದು ನೋಹನ ಹೆಂಡತಿ. ಬೈಬಲ್ಲಿನಲ್ಲಿ ಆಕೆಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಹೆಸರಿಲ್ಲದ, ಮಾತಿಲ್ಲದ ಆ ಹೆಣ್ಣನ್ನು ನಾಟಕದವರು ಗಯ್ಯಾಳಿ ಮಾಡಿದರು. ವೇಕ್‌ಫೀಲ್ಡಿನ ನಾಟಕದಲ್ಲಿ ಗಂಡಹೆಂಡಿರು ಹೊಡೆದಾಡುತ್ತಾರೆ, ನೀರು ಏರುತ್ತಿದ್ದರೂ ಆಕೆ ನೂಲುತ್ತಾ ಕೂರುತ್ತಾಳೆ. ಹೆಣ್ಣಿನ ವೇಷ ಹಾಕುತ್ತಿದ್ದವರು ಸಾಮಾನ್ಯವಾಗಿ ಗಂಡಸರೇ, ಹಾಗಾಗಿ ನಗು ಇಮ್ಮಡಿ. ಆದರೆ ಚೆಸ್ಟರಿನ ನಾಟಕದಲ್ಲಿ ಆಕೆ ನಾವೆ ಹತ್ತಲು ಒಪ್ಪದಿರುವುದಕ್ಕೆ ಕೊಡುವ ಕಾರಣವನ್ನು ಸ್ವಲ್ಪ ನಿಂತು ಕೇಳಬೇಕು. ತನ್ನ ಗೆಳತಿಯರನ್ನು ಮುಳುಗಲು ಬಿಟ್ಟು ತಾನೊಬ್ಬಳೇ ಬರುವುದಿಲ್ಲ ಎನ್ನುತ್ತಾಳೆ ಆಕೆ. ಕೊನೆಗೆ ಮಕ್ಕಳು ಎತ್ತಿ ಒಳಗೆ ಹಾಕುತ್ತಾರೆ, ಆಕೆ ಗಂಡನ ಕೆನ್ನೆಗೆ ಒಂದು ಬಿಗಿಯುತ್ತಾಳೆ, ಜನ ನಗುತ್ತಾರೆ. ಲೋಕವೇ ಮುಳುಗುತ್ತಿರುವಾಗ ‘ಉಳಿದವರ ಗತಿ ಏನು’ ಎಂದು ಕೇಳುವುದು ಆ ನಗೆಪಾಟಲಿನ ಹೆಂಗಸೇ! ಬರೆದವರು ಅದನ್ನು ಉದ್ದೇಶಿಸಿದ್ದರೋ ಇಲ್ಲವೋ, ಪಾತ್ರಕ್ಕೆ ಒಂದು ನಿಜವಾದ ಆಸೆಯನ್ನು ಕೊಟ್ಟದ್ದೇ ತಡ, ಅದು ನಗೆಯ ಗೊಂಬೆಯಾಗಿ ಉಳಿಯಲಿಲ್ಲ.

ನಗುವ ಹೆಣ್ಣಿಗೂ ನಗುವ ಗಂಡಿಗೂ ಬೇರೆ ಬೇರೆ ಅಳತೆ ಎಂಬುದನ್ನು ಬೈಬಲ್ಲಿನ ಇನ್ನೊಂದು ಕಥೆ ಸೂಚಿಸುತ್ತದೆ. ಮುದಿ ವಯಸ್ಸಿನಲ್ಲಿ ಮಗು ಹುಟ್ಟುತ್ತದೆ ಎಂಬ ಮಾತು ಕೇಳಿ ಮೊದಲು ನಕ್ಕವನು ಅಬ್ರಹಾಮ. ಯಾಕೆ ನಕ್ಕೆ ಎಂದು ಅವನನ್ನು ಯಾರೂ ಪ್ರಶ್ನಿಸಲಿಲ್ಲ. ಮುಂದಿನ ಅಧ್ಯಾಯದಲ್ಲಿ ಗುಡಾರದ ಬಾಗಿಲ ಹಿಂದೆ ನಿಂತು ಸಾರಾ ನಕ್ಕಾಗ ಮಾತ್ರ ವಿಚಾರಣೆ ನಡೆಯುತ್ತದೆ, ಆಕೆ ಹೆದರಿ ‘ನಗಲಿಲ್ಲ’ ಎನ್ನುತ್ತಾಳೆ. ಆದರೂ ಹುಟ್ಟಿದ ಮಗುವಿಗೆ ಇಸಾಕ ಎಂದು ಹೆಸರಿಟ್ಟರು, ಆ ಹೆಸರಿನ ಅರ್ಥವೇ ನಗು. ಈಗ ಸಾರಾ ಬಾಗಿಲ ಹಿಂದೆ ಅಡಗುವುದಿಲ್ಲ, ಕೇಳಿದವರೆಲ್ಲ ತನ್ನೊಂದಿಗೆ ನಗುವರು ಎಂದು ಸಂತೋಷಪಡುತ್ತಾಳೆ. ಅಡಗಿ ನಕ್ಕ ನಗು ಎಲ್ಲರೊಡನೆ ಹಂಚಿಕೊಂಡ ನಗುವಾಗುವ ಈ ದಾರಿ ನನಗೆ ಬಹಳ ಇಷ್ಟ.

ಈಗ ವೇದಿಕೆ ನಮ್ಮ ಕೈಯಲ್ಲೂ ಇದೆ. ಸ್ತ್ರೀಯರ ಸಂಘದ ಪ್ರಹಸನವನ್ನು ಹೆಂಗಸರೇ ಬರೆದು ಹೆಂಗಸರೇ ಆಡುತ್ತಾರೆ. 1942ರಲ್ಲಿ ಶುರುವಾದ ‘ಕೊರವಂಜಿ’ಯ ಪುಟಗಳಲ್ಲಿ ಟಿ. ಸುನಂದಮ್ಮ ಬರೆಯತೊಡಗಿದಾಗ ಕನ್ನಡದಲ್ಲಿ ಮಧ್ಯಮ ವರ್ಗದ ಗೃಹಿಣಿ ನಗೆಗೆ ಗುರಿಯಾಗುವುದಕ್ಕೆ ಬದಲು ತಾನೇ ನಗುವವಳಾದಳು. ಅಂಥ ಹಿರಿಯರ ದಾರಿ ಇದ್ದೂ ನಮ್ಮ ಅನೇಕ ಪ್ರಹಸನಗಳಲ್ಲಿ ಇಂದಿಗೂ ಬರುವವರು ಅದೇ ಘಾಟಿ ಅತ್ತೆ, ಅದೇ ಪೆದ್ದು ಕೆಲಸದವಳು. ವಿಚಿತ್ರವೆಂದರೆ, ಕೆಲಸದವಳ ಪಾತ್ರ ನೋಡಿ ನಗುವ ಸಭಾಂಗಣದ ಹಿಂಬದಿಯಲ್ಲಿ ಚಹಾದ ಲೋಟ ತೊಳೆಯುತ್ತಾ ನಿಜವಾದ ಕೆಲಸದವಳು ನಿಂತಿರುತ್ತಾಳೆ. ಅವಳು ಮೂರನೆಯ ಸಾಲಿನಲ್ಲಿ ಕೂಡ ಕೂತಿರುವುದಿಲ್ಲ.

ಮೇಲಿನವರನ್ನು ನೋಡಿ ನಗುವುದಕ್ಕೆ ಮಾತ್ರ ಎಲ್ಲ ಕಾಲದಲ್ಲೂ ಬೆಲೆ ತೆರಬೇಕಾಗಿದೆ. ನಮ್ಮ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲೇ ಒಂದು ಕಥೆಯಿದೆ. ವಿದ್ಯೆಯ ಮದವೇರಿದ ಭರತಪುತ್ರರು ಋಷಿಗಳನ್ನು ಅಣಕಿಸಿ ನಾಟಕವಾಡಿದರು, ಋಷಿಗಳು ಶಾಪ ಕೊಟ್ಟರು. ಯುರೋಪಿನಲ್ಲಿ ವರ್ಷಕ್ಕೊಮ್ಮೆ ಕಿರಿಯ ಪಾದ್ರಿಗಳು ಬಿಷಪ್ಪನ ವೇಷ ಹಾಕಿ ‘ಮೂರ್ಖರ ಹಬ್ಬ’ ಆಚರಿಸುತ್ತಿದ್ದರು. ಬಲಿಷ್ಠರು ಪೀಠದಿಂದ ಇಳಿದು ದೀನರು ಮೇಲೇರುವರೆಂದು ಮರಿಯಳು ಹಾಡುವ ಹಾಡಿದೆಯಲ್ಲ, ಆ ಸಾಲಿಗೆ ಬಂದಾಗ ಅಧಿಕಾರದ ಕೋಲು ಕಿರಿಯರ ಕೈಗೆ ಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿದ ಮಹಾಸಭೆ 1435ರಲ್ಲಿ ಆ ಹಬ್ಬವನ್ನು ನಿಷೇಧಿಸಿತು. ಅದೇ ಬಾಸೆಲ್ ಊರಿನ ಹೆಸರು ಹೊತ್ತ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕರಾವಳಿಯ ಎಷ್ಟೋ ಕನ್ನಡ ಸಭೆಗಳ ಮೂಲ ಅಲ್ಲಿದೆ.

ಋಷಿಯನ್ನು ನಕ್ಕರೆ ಶಾಪ, ಬಿಷಪ್ಪನನ್ನು ನಕ್ಕರೆ ನಿಷೇಧ. ಕೆಲಸದವಳನ್ನು ನಕ್ಕರೆ ಏನೂ ಆಗುವುದಿಲ್ಲ. ನಮ್ಮ ಪಾತ್ರದಿಂದ ನಮಗೆ ಎಳ್ಳಷ್ಟೂ ಅಪಾಯವಿಲ್ಲ ಎಂದಾದರೆ ಆ ಪಾತ್ರವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು. ಅಷ್ಟು ಸುಲಭವಾಗಿ ಸಿಕ್ಕಿದ ನಗುವಿನ ಬೆಲೆಯನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಹಾಗೆಂದು ಭರತಪುತ್ರರು ಮಾಡಿದ್ದೆಲ್ಲ ಸರಿ ಎಂದಲ್ಲ. ದೊಡ್ಡವರನ್ನು ಅಣಕಿಸುವುದರಲ್ಲೂ ಮದ ಇರಬಹುದು. ಪಾದ್ರಿಯವರಿಗೂ ಮನಸ್ಸಿದೆ, ಅವರ ಮನೆಯವರೂ ಎದುರಿಗೇ ಕೂತಿರುತ್ತಾರೆ.

‘ಹೀಗೆ ಒಂದೊಂದನ್ನೇ ತೆಗೆದರೆ ಕೊನೆಗೆ ಉಳಿಯುವುದೇನು? ಖಾರವಿಲ್ಲದ ಉಪ್ಪಿನಕಾಯಿ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಪದೇಶಕ್ಕೆಂದೇ ಬರೆದ ಪ್ರಹಸನಗಳ ಸಪ್ಪೆತನವನ್ನು ನಾವೆಲ್ಲ ಅನುಭವಿಸಿದ್ದೇವೆ. ಕುಡುಕ ಎರಡು ನಿಮಿಷದಲ್ಲಿ ಕುಡಿತ ಬಿಡುತ್ತಾನೆ, ಅತ್ತೆ ಸೊಸೆ ಅಪ್ಪಿಕೊಳ್ಳುತ್ತಾರೆ, ಪರದೆ ಬೀಳುತ್ತದೆ, ಬೀಳಲು ಮರೆಯುವುದೂ ಉಂಟು. ಖಾರ ಬೇಕೇ ಬೇಕು. ಯಾವ ಖಾರ ಎಂಬುದಕ್ಕೆ ಮತ್ತೆ ವೇಕ್‌ಫೀಲ್ಡಿನ ಕಡೆ ನೋಡೋಣ. ಅಲ್ಲಿ ಕ್ರಿಸ್ತನ ಜನನದ ರಾತ್ರಿಯ ಕುರುಬರ ನಾಟಕವೊಂದಿದೆ. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಅವರು ಸೃಷ್ಟಿಸಿದ ಮ್ಯಾಕ್ ಎಂಬ ಕಳ್ಳ ಐನೂರು ವರ್ಷಗಳಿಂದ ನಗಿಸುತ್ತಿದ್ದಾನೆ.

ಮ್ಯಾಕ್ ಬಡವ, ಮನೆ ತುಂಬ ಮಕ್ಕಳು. ಕುರುಬರು ನಿದ್ದೆ ಹೋದಾಗ ಒಂದು ಕುರಿ ಕದ್ದು ಮನೆಗೆ ತರುತ್ತಾನೆ. ಅವನ ಹೆಂಡತಿ ಗಿಲ್ ಗಂಡನಿಗಿಂತ ಚುರುಕು. ಕುರಿಯನ್ನು ತೊಟ್ಟಿಲಲ್ಲಿ ಮಲಗಿಸಿ, ಬಟ್ಟೆ ಸುತ್ತಿ, ತಾನು ಈಗಷ್ಟೇ ಹೆತ್ತವಳಂತೆ ನರಳುತ್ತಾ ಮಲಗುತ್ತಾಳೆ. ಕುರುಬರು ಬಂದು ಮನೆಯೆಲ್ಲ ಹುಡುಕುತ್ತಾರೆ, ಏನೂ ಸಿಗುವುದಿಲ್ಲ, ನಾಚಿಕೊಂಡು ಹೊರಡುತ್ತಾರೆ. ಆಗ ಅವರಿಗೆ ನೆನಪಾಗುತ್ತದೆ, ಅಯ್ಯೋ, ಹುಟ್ಟಿದ ಮಗುವಿಗೆ ಏನೂ ಕೊಡಲಿಲ್ಲವಲ್ಲ! ಮಗುವಿನ ಕೈಗೆ ಆರು ಪೆನ್ನಿ ಇಡೋಣವೆಂದು ವಾಪಸು ಬಂದು ಬಟ್ಟೆ ಸರಿಸಿದರೆ ಉದ್ದನೆಯ ಮೂತಿ. ಸಂಶಯದಿಂದ ಹುಡುಕಿದಾಗ ಸಿಗದ ಕಳವು ಮಮತೆಯಿಂದ ಬಗ್ಗಿದಾಗ ಸಿಕ್ಕಿತು. ಅಂದಿನ ಇಂಗ್ಲೆಂಡಿನಲ್ಲಿ ಕುರಿ ಕದ್ದರೆ ಗಲ್ಲಾಗಬಹುದಿತ್ತು. ಕುರುಬರು ಅವನನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆ ಎಸೆದೆಸೆದು ಬಿಡುತ್ತಾರೆ, ಅಷ್ಟೇ. ಆಮೇಲೆ ದೇವದೂತ ಹಾಡುತ್ತಾನೆ, ಅವರು ನಿಜವಾದ ಮಗುವನ್ನು ನೋಡಲು ಬೆತ್ಲೆಹೇಮಿಗೆ ಹೋಗುತ್ತಾರೆ.

ಈ ನಾಟಕದಲ್ಲಿ ಖಾರಕ್ಕೇನೂ ಕಡಿಮೆಯಿಲ್ಲ. ಕಳ್ಳನನ್ನು ಕಳ್ಳನೆಂದೇ ಹೇಳಿದ್ದಾರೆ. ಆದರೆ ನಾವು ನಗುವುದು ಅವನ ಬಡತನಕ್ಕಲ್ಲ, ತೊಟ್ಟಿಲಿನ ಉಪಾಯಕ್ಕೆ. ಅವನ ಹಸಿವು ನಮಗೆ ಅರ್ಥವಾಗುತ್ತದೆ. ಅವನ ಜಾಗದಲ್ಲಿದ್ದರೆ ನಾವೂ ಹೀಗೇ ಏನಾದರೂ ಮಾಡುತ್ತಿದ್ದೆವೋ ಏನೋ ಎಂಬ ಸಂಶಯ ನಗುವಿನ ಜೊತೆಗೇ ಬರುತ್ತದೆ. ಇಲ್ಲಿ ಬರ್ಗ್‌ಸನ್ನನ ಮಾತು ಸೋಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಹೃದಯ ಮರಗಟ್ಟದೆಯೂ ನಗಬಹುದು.

ನನ್ನ ಎರಡು ಪಟ್ಟಿಗಳ ನಡುವಣ ಗೆರೆಯೂ ಇಲ್ಲೇ ಕಾಣುತ್ತದೆ. ಮೊದಲನೆಯ ಪಟ್ಟಿಯವರು ಏನೋ ಒಂದನ್ನು ಬಯಸಿ ಅದಕ್ಕಾಗಿ ಒಂದು ಉಪಾಯ ಹೂಡುತ್ತಿದ್ದಾರೆ: ಹಣ ಉಳಿಯಬೇಕು, ಸೀರೆ ಕಾಣಬೇಕು, ಮಾತು ಎಲ್ಲರೂ ಕೇಳಬೇಕು, ಗುಟ್ಟು ಹೇಳಿದರೂ ಭಕ್ತೆ ಎನಿಸಬೇಕು. ಈ ಆಸೆಗಳು ನಮಗೆಲ್ಲ ಇವೆ, ಬೇಡವೆನಿಸಿದರೆ ಬಿಡಲೂಬಹುದು. ಎರಡನೆಯ ಪಟ್ಟಿಯವರು ಏನೂ ಮಾಡುತ್ತಿಲ್ಲ, ಸುಮ್ಮನೆ ಇದ್ದಾರೆ. ತೊದಲು, ಕಿವುಡು, ದಪ್ಪ ಮೈ, ಹುಟ್ಟಿದ ಸೀಮೆಯ ಮಾತು, ಇವನ್ನು ಮನೆಗೆ ಹೋಗಿ ಬಿಚ್ಚಿಡಲು ಬರುವುದಿಲ್ಲ. ಹಾಡುವ ಆ ಹಿರಿಯರ ದನಿಯೂ ಅಂಥದ್ದೇ. ಅದು ಅವರ ಬೂಟಾಟಿಕೆಯಾಗಿರಲಿಲ್ಲ, ಅವರ ಕಂಠವಾಗಿತ್ತು.

ಬರೆಯಲು ಕೂತವರಿಗೆ ಇದರಿಂದ ಕೆಲವು ಉಪಯೋಗಗಳಿವೆ. ಒಬ್ಬರಿಂದ ಪಾತ್ರ ಮಾಡಬಾರದು, ಮೂವರಿಂದ ಮಾಡಬೇಕು. ಮೂವರಲ್ಲಿ ಒಬ್ಬರು ನಾವೇ ಆಗಿದ್ದರೆ ಇನ್ನೂ ಒಳ್ಳೆಯದು. ಪಾತ್ರಕ್ಕೆ ಮೊದಲು ಒಂದು ಆಸೆ ಕೊಟ್ಟು ಆಮೇಲೆ ಒಂದು ಚಾಳಿ ಕೊಡಬೇಕು. ಹವ್ಯಾಸಿ ನಟರು ಮಾತು ಮರೆಯುತ್ತಾರೆ, ಮೈಕು ಕೈಕೊಡುತ್ತದೆ. ಆಸೆ ಗೊತ್ತಿದ್ದವರು ಮಾತು ಮರೆತರೂ ಪಾತ್ರ ಮರೆಯುವುದಿಲ್ಲ. ಇನ್ನೊಂದು ಹಳೆಯ ಉಪಾಯವೆಂದರೆ ತಿರುಗಾಮುರುಗಾ ಪಾತ್ರ ಹಂಚುವುದು. ಸಭೆಯಲ್ಲೇ ಕೈ ಬಿಚ್ಚಿ ಕೊಡುವವರಿಗೆ ಜಿಪುಣನ ಪಾತ್ರ, ಎಂದೂ ತಡಮಾಡದ ಟೀಚರಿಗೆ ತಡವಾಗಿ ಬರುವವಳ ಪಾತ್ರ. ಆಗ ಜನ ಆ ವ್ಯಕ್ತಿಯನ್ನು ನೋಡಿ ನಗುವುದಿಲ್ಲ, ಆ ಚಾಳಿಯನ್ನು ನೋಡಿ ನಗುತ್ತಾರೆ. ಮುಂಚಿತವಾಗಿ ಕೇಳಿ ಒಪ್ಪಿಗೆ ಪಡೆಯುವುದೂ ಒಂದು ದಾರಿಯೇ, ಆದರೆ ‘ಬೇಡ’ ಎನ್ನಲು ಧೈರ್ಯವಿಲ್ಲದವರ ‘ಆಗಲಿ’ಗೆ ಹೆಚ್ಚು ಬೆಲೆ ಕೊಡಲಾಗದು.

ಇಷ್ಟೆಲ್ಲ ಮಾಡಿದರೂ ಯಾರಾದರೊಬ್ಬರಿಗೆ ‘ಇದು ನಾನೇ’ ಅನ್ನಿಸಿಯೇ ಅನ್ನಿಸುತ್ತದೆ. ಅನ್ನಿಸಬೇಕು ಕೂಡ. ಇಲ್ಲದಿದ್ದರೆ ಹಾಸ್ಯ ಯಾತಕ್ಕೆ? ನಮ್ಮ ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಮಾಡುತ್ತೇವೆ. ಆ ಪ್ರಾರ್ಥನೆ ಬಹುವಚನದಲ್ಲಿದೆ. ಯಾರ ಹೆಸರನ್ನೂ ಓದುವುದಿಲ್ಲ, ಪಾದ್ರಿಯವರೂ ಹಿರಿಯರೂ ಕೆಲಸದವಳೂ ಒಂದೇ ‘ನಾವು’ ಎಂಬುದರೊಳಗೆ ಬರುತ್ತಾರೆ. ಯಾವ ಮಾತು ತನಗೆ ತಾಗಿತು ಎಂಬುದು ಅವರವರ ಗುಟ್ಟು. ಹತ್ತು ನಿಮಿಷದ ಒಂದು ತಮಾಷೆಯ ನಾಟಕದಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸಬೇಕಾಗಿಲ್ಲ. ಅದೂ ಬಹುವಚನದಲ್ಲಿದ್ದರೆ ಸಾಕು. ನಾಟಕ ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬರು ಇನ್ನೊಬ್ಬರನ್ನು ತೋರಿಸಿ ನಗುತ್ತಿದ್ದರೆ ಪಾತ್ರ ಕೆಟ್ಟಿತೆಂದು ಅರ್ಥ. ಪ್ರತಿಯೊಬ್ಬರೂ ‘ನನ್ನನ್ನೇ ನೋಡಿ ಬರೆದ ಹಾಗಿತ್ತು’ ಎಂದು ತಂತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದರೆ ಬರೆದವಳು ಧೈರ್ಯವಾಗಿ ಅಲ್ಲೇ ನಿಂತು ಒಂದು ಲೋಟ ಚಹಾ ಕುಡಿಯಬಹುದು. ಲೋಟ ತೊಳೆಯುವಾಕೆಯನ್ನೂ ಕರೆದು.